ಕೆಳಮನೆಗೆ ಇನ್ನೊಂದು ಲೈನ್

ಮಹಡಿ ಮನೆಯ ಅಕ್ಕನವರಿಗೆ, ಕೆಳಮನೆ ಡ್ರೈವರ್ ಮಾಡುವ ನಮಸ್ಕಾರಗಳು.

ಎದುರು ನಿಂತರೆ ಮಾತು ಹೊರಡದೆಂದು ಬರೆಯುತ್ತಿದ್ದೇನೆ. ನಾವು ಬಾಡಿಗೆಗಿರುವ ನಿಮ್ಮ ಕೆಳಮನೆಗೆ ಇನ್ನೊಂದು ಕರೆಂಟ್ ಲೈನ್ ಎಳೆಸಲು ಒಪ್ಪಿಗೆ ಕೊಡಿ. ಖರ್ಚೆಲ್ಲ ನನ್ನದೇ.

ಹಳೇ ಡೀಸೆಲ್ ಟ್ಯಾಕ್ಸಿ ಬಂಕಿನಲ್ಲಿ ಕ್ಷಣದಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಧಣಿ ಈಗ ಕೊಟ್ಟಿರುವ ಎಲೆಕ್ಟ್ರಿಕ್ ಕಾರು ಮನೆ ಅಳಿಯನ ಹಾಗೆ ರಾತ್ರಿಯಿಡೀ ಕೂತು ಉಣ್ಣುತ್ತದೆ. ಅಮ್ಮನ ಉಸಿರಾಟದ ಯಂತ್ರವೂ ರಾತ್ರಿಯೇ ಓಡಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಹಾಗಾಗಿ ಕಾರನ್ನು ಅರೆಹೊಟ್ಟೆಯಲ್ಲೇ ಓಡಿಸುತ್ತಿದ್ದೆ. ನಿನ್ನೆ ಅದು ಗಿರಾಕಿಯ ಸಮೇತ ನಡುರಸ್ತೆಯಲ್ಲಿ ನಿಂತುಬಿಟ್ಟಿತು. "ಇನ್ನೊಂದ್ಸಲ ಹೀಗಾದ್ರೆ ಕೀ ಕೊಟ್ಟು ಹೋಗ್ತಾ ಇರು" ಎಂದು ಧಣಿ ಫೋನಿನಲ್ಲಿ ಬೈದದ್ದು ಅಮ್ಮನ ಕಿವಿಗೂ ಬಿತ್ತು.

ಬೆಳಗ್ಗೆ ಎದ್ದು ನೋಡಿದರೆ ಯಂತ್ರದ ಸದ್ದೇ ಇರಲಿಲ್ಲ. ಅಮ್ಮ ಅದರ ಪ್ಲಗ್ ಕಿತ್ತು, ಕಿಟಕಿಯಿಂದ ಹೋಗುವ ಕಾರಿನ ವೈರನ್ನು ಸಿಕ್ಕಿಸಿ, ಗೋಡೆಗೊರಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ನನ್ನನ್ನು ಕಂಡು, "ಫುಲ್ ಆಯ್ತೇನೋ, ಮಗ?" ಅಂದಳು.

ಫುಲ್ ಆಗಿದೆ ಅಕ್ಕ. ಆದರೆ ಮತ್ತೆ ಯಂತ್ರ ಹಾಕಿ ಮಲಗಿಸಿರುವ ಅಮ್ಮನನ್ನು ಬಿಟ್ಟು ಹೊರಡಲಾಗದೆ ಕಾರು ಬಾಗಿಲಲ್ಲೇ ನಿಂತಿದೆ.

ದಯವಿಟ್ಟು ಇವತ್ತೇ ಹೂಂ ಅನ್ನಿ. ರಾತ್ರಿ ನಾನು ಕಣ್ಣು ಮುಚ್ಚಿದರೆ ಅವಳು ಮತ್ತೆ ಏಳುತ್ತಾಳೆ.

ಇತಿ,
ನಿಮ್ಮ ಕೆಳಮನೆಯವನು