ದೊರೆಸಾನಿ ತರಿಸಿದ ಹನ್ನೆರಡು ಗುಲಾಬಿ

೭ ಜೂನ್ ೧೯೫೪, ಸೋಮವಾರ

ಆಳುಗಳ ಹಾಜರಿ ಮುಗಿಸಿ ಆಫೀಸಿಗೆ ಬಂದರೆ ಬಾಗಿಲಲ್ಲಿ ಬಿದಿರು ಬುಟ್ಟಿ. ಗೋಣಿಕೊಪ್ಪಲಿನ ಬಸ್ಸಿನವರು ಇಳಿಸಿ ಹೋಗಿದ್ದಾರೆ. ಬೆಂಗಳೂರಿನ ನರ್ಸರಿ ಪಾರ್ಸೆಲ್. ಆರ್ಡರ್ ದೊರೆಸಾನಿಯದು. ಅವರು ಈ ಕಾಫಿ ಎಸ್ಟೇಟು ಮಾರಿ ಇಂಗ್ಲೆಂಡಿಗೆ ಹಡಗು ಹತ್ತಿ ತಿಂಗಳಾಯಿತು! ವಾಪಸು ಕಳಿಸಬೇಕೋ, ಇಟ್ಟುಕೊಳ್ಳಬೇಕೋ... ಗೊತ್ತಾಗಲಿಲ್ಲ.

ಬಂಗಲೆಯ ಮಾಲಿ ಜವರಯ್ಯ ಬಿಚ್ಚಿದ. ಒದ್ದೆ ಪಾಚಿಯೊಳಗೆ ಹನ್ನೆರಡು ಗುಲಾಬಿ — ಎಲೆಯಿಲ್ಲ, ಮಣ್ಣಿಲ್ಲ, ಬರೀ ಮುಳ್ಳುಕಡ್ಡಿ. ಸತ್ತಿವೆ ಅಂದೆ. ಉಗುರಿನಿಂದ ತೊಗಟೆ ಕೆರೆದು ಹಸಿರು ತೋರಿಸಿದ.

"ಜೀವ ಅದೆ ಸ್ವಾಮಿ. ಬಾಯಾರಿ ಬಂದವೆ ಅಷ್ಟೇಯ. ನಾಳೆಗಂಟ ನೀರಲ್ಲಿರ್ಲಿ."

ಹದಿನೆಂಟು ವರ್ಷ ದೊರೆಸಾನಿಯ ಗುಲಾಬಿ ಸಾಕಿದವನು. ಅವರು ಹೋದಮೇಲೆ ಇಷ್ಟು ಮಾತಾಡಿದ್ದು ಇವತ್ತೇ.

೮ ಜೂನ್

ಬಂಗಲೆ ಮುಂದೆ ನೆಟ್ಟೆವು. ಕಸಿ ಗಂಟು ಮಣ್ಣಿಗೆ ತಾಗಬಾರದಂತೆ. ಬುಟ್ಟಿಯನ್ನು ಅವನ ಹೆಂಡತಿ ಕಾಳಮ್ಮನಿಗೆ ಕೊಟ್ಟೆ.

೧೨ ಜೂನ್, ಸಂಜೆ

ಹೊಸ ಸಾಹುಕಾರರು ನಾಣಯ್ಯ ಬಂದಿದ್ದರು. ಗಿಡ ನೋಡಿ ಖುಷಿ.

"ಯಾರದು ಸಣ್ಣಸ್ವಾಮಿ, ಇದೆಲ್ಲ?"

ಎಸ್ಟೇಟಿನದೇ ಅಂದೆ. ಮತ್ತೆ ಯಾರದು?

ಹೋಗುವಾಗ ಹೇಳಿದರು — ಬಂಗಲೆಗೆ ಮಾಲಿ ಬೇಡ, ಜವರಯ್ಯ ಕಳೆ ತೆಗೆಯುವ ಗ್ಯಾಂಗಿಗೆ. ಜವರಯ್ಯ ತಲೆಯಾಡಿಸಿದ. ಅಷ್ಟೇ.

೧೯ ಜೂನ್

ಕಾಳಮ್ಮ ಒಂದು ಕಾಗದ ತಂದಳು. ಬುಟ್ಟಿ ತಳದ ಪಾಚಿ ಕೊಡವುವಾಗ ಸಿಕ್ಕಿತಂತೆ. ದೊರೆಸಾನಿಯ ಕೈಬರಹ. ಆರ್ಡರ್ ಜೊತೆ ಕಳಿಸಿ ಪಾರ್ಸೆಲಿನಲ್ಲಿ ಇಡಿಸಿದ್ದಾರೆ. ಇಂಗ್ಲಿಷಿನಲ್ಲಿ ಇಷ್ಟೇ — ಈ ಗಿಡಗಳು ಜವರಯ್ಯನಿಗೆ, ಎಸ್ಟೇಟಿಗಲ್ಲ. ಅವನ ಮನೆ ಮುಂದೆ ನೆಡಲಿ. ಇಷ್ಟು ವರ್ಷ ಬೆಳೆಸಿದ್ದರಲ್ಲಿ ಒಂದು ಗಿಡವೂ ಅವನದಾಗಿರಲಿಲ್ಲ.

"ಏನ್ ಬರ್ದವ್ರೆ ಸ್ವಾಮಿ?"

"ಓದಿ ಹೇಳ್ತೀನಿ, ಹೋಗು."

ಓದಿ ಆಗಿತ್ತು. ಯಾಕೆ ಹಾಗಂದೆ? ಸಾಹುಕಾರರಿಗೆ ಒಂದು ಹೇಳಿಬಿಟ್ಟಿದ್ದೇನೆ. ಈಗ ಬೇರೆ ಹೇಳಿದರೆ ಲೆಕ್ಕ ಬರೆಯುವ ನನ್ನ ರೈಟರ್ ಕೆಲಸ...

೨೭ ಜೂನ್

ಒಂದು ವಾರ ಏನೂ ಬರೆಯಲಿಲ್ಲ. ಗಿಡ ಎಲ್ಲಾ ಚಿಗುರಿವೆ. ಜವರಯ್ಯ ಗ್ಯಾಂಗಿನ ಕೆಲಸ ಮುಗಿಸಿ ದಿನಾ ಬಂದು ನೋಡಿ ಹೋಗುತ್ತಾನೆ. ಅವನ ಮುಖ ನೋಡಲಾಗಲಿಲ್ಲ. ಇವತ್ತು ಕರೆದು ಓದಿ ಹೇಳಿದೆ.

"ನನ್ ಹೆಸ್ರು ಬರ್ದವ್ರಾ? ಎಲ್ಲಿ?"

ತೋರಿಸಿದೆ. ಓದು ಬಾರದವನು. ಆ ಹೆಸರಿನ ಮೇಲೆ ಬೆರಳಿಟ್ಟು ನಿಂತ.

"ಈಗ ಕಿತ್ರೆ ಸಾಯ್ತವೆ. ಬೇರು ಹಿಡ್ದದೆ."

ಮೊದಲೇ ಹೇಳಿದ್ದರೆ ಬದುಕುತ್ತಿದ್ದವಾ, ಕೇಳಿದೆ. ಕಾಗದ ಇಸಿದುಕೊಂಡು ಹೋದ. ಬೈದಿದ್ದರೂ ಆಗುತ್ತಿತ್ತು.

೨೮ ಜೂನ್, ಬೆಳಿಗ್ಗೆ ೧೦

ಜವರಯ್ಯ ಗ್ಯಾಂಗಿಗೆ ಹೋಗಿಲ್ಲ. ಬಂಗಲೆ ಮುಂದೆ ಗುದ್ದಲಿ ಹಿಡಿದು ಕೂತಿದ್ದ.

"ಒಂದೇ ಒಂದ ತಕ್ಕೊಂಡೋಯ್ತೀನಿ ಸ್ವಾಮಿ. ಸತ್ರೂ ನಮ್ಮನೆ ಮುಂದ್ಲೇ ಸಾಯ್ಲಿ."

ಅವನು ಅಗೆದ. ಬೇರಿನ ಮಣ್ಣು ಉದುರದಂತೆ ನಾನು ಹಿಡಿದುಕೊಂಡೆ. ಆಳುಗಳ ಲೈನ್‌ಮನೆಗಳವರೆಗೂ ಹಾಗೇ ಇಬ್ಬರೂ ಹೊತ್ತೆವು. ಬೆರಳೆಲ್ಲ ಮುಳ್ಳು, ಬರೆಯಲು ಕಷ್ಟ. ಬಂಗಲೆ ಮುಂದೆ ಒಂದು ಗುಂಡಿ ಹಾಗೇ ಇದೆ. ಮುಚ್ಚಲಿಲ್ಲ.

ಗೇಟಿನಲ್ಲಿ ಜೀಪಿನ ಹಾರ್ನ್. ಸಾಹುಕಾರರೇ. ಇವತ್ತು ಬರುವವರಿರಲಿಲ್ಲ... ಗುಂಡಿ ಯಾಕೆ ಅಂತ ಕೇಳುತ್ತಾರೆ. ಉಳಿದ ಹನ್ನೊಂದೂ ಜವರಯ್ಯನವೇ ಅಂತ ನಾನೇ ಮೊದಲು ಹೇಳಬೇಕು—