ಬೆಟ್ಟದ ಬುಡದಲ್ಲಿ ಬಸ್ಸಿನ ಕಂಬ ಕಿತ್ತವರಿಗೆ

ಸಾರಿಗೆ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಭಾನುವಾರ ಬೆಳಿಗ್ಗೆ ನಮ್ಮ ಪೇಟೆಯಿಂದ ಬೆಟ್ಟದ ಬುಡಕ್ಕೆ ಹೋಗುತ್ತಿದ್ದ ಒಂದೇ ಒಂದು ಬಸ್ಸನ್ನು ನೀವು ನಿಲ್ಲಿಸಿದ್ದೀರಿ. ಡೀಸೆಲ್ ದರ ಏರಿದ್ದರಿಂದ ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ ಎಂದು ನೋಟಿಸು ಅಂಟಿಸಿದ್ದೀರಿ. ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಈ ಪತ್ರಿಕೆಯ ಮೂಲಕ ಒಂದು ಮಾತು ಕೇಳುತ್ತೇನೆ. ಸ್ವಲ್ಪ ದಿನದ ಮಟ್ಟಿಗೆ ನಿಲ್ಲಿಸಿದ ಬಸ್ಸಿಗೆ, ಅದು ನಿಲ್ಲುತ್ತಿದ್ದ ಜಾಗದ ಕಂಬವನ್ನು ಬುಡಸಮೇತ ಕಿತ್ತಿದ್ದು ಯಾಕೆ? ಆ ಗುಂಡಿಗೆ ಸಿಮೆಂಟು ಸುರಿದು ಕರಣೆಯಿಂದ ನುಣ್ಣಗೆ ಮಾಡಿಸಿದ್ದು ಯಾಕೆ? ಎರಡು ದಿನ ನೆಂಟರ ಮನೆಗೆ ಹೋಗಿಬರುತ್ತೇನೆ ಎಂದವನು ತನ್ನ ಮನೆಯ ಬಾಗಿಲನ್ನು ಕಿತ್ತು, ಆ ಜಾಗಕ್ಕೆ ಇಟ್ಟಿಗೆ ಕಟ್ಟಿ ಹೋದರೆ ಅಕ್ಕಪಕ್ಕದವರು ಏನಂದುಕೊಳ್ಳಬೇಕು? ನಾನೂ ಅದನ್ನೇ ಅಂದುಕೊಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅಂಗಲಾಚಿ ಅಭ್ಯಾಸವಿಲ್ಲ. ನಮ್ಮದು ಕುರ್ಚಿ, ಸೋಫಾಗಳಿಗೆ ಹೊಸ ಹೊದಿಕೆ ಹಾಕುವ ಅಂಗಡಿ. ನಮ್ಮ ಯಜಮಾನರು ಶುರುಮಾಡಿದ್ದು. ಅವರು ತೀರಿಕೊಂಡ ಮೇಲೆ ನಾನು ನಡೆಸಿದೆ. ಈಗ ಇಬ್ಬರು ಗಂಡುಮಕ್ಕಳು ಕೆಲಸ ಮಾಡುತ್ತಾರೆ, ನಾನು ಗಲ್ಲಾದ ಮುಂದೆ ಕೂರುತ್ತೇನೆ. ನಿಮ್ಮ ಕಚೇರಿಯ ಎರಡನೆಯ ಮಹಡಿಯಲ್ಲಿರುವ ಉದ್ದನೆಯ ಸೋಫಾಕ್ಕೆ ರೆಕ್ಸಿನ್ ಹೊದಿಸಿದ್ದೂ ನಾವೇ. ಅಹವಾಲು ತಂದವರು ಕೂರಲಿ ಎಂದು ಮಾಡಿಸಿದ ಸೋಫಾ ಅದು. ಮೊನ್ನೆ ಬಂದಾಗ ನೋಡಿದೆ, ಅದರ ಮೇಲೆ ಕಡತಗಳು ಆರಾಮಾಗಿ ಒರಗಿದ್ದವು, ಜನ ಗೋಡೆಗೆ ಒರಗಿ ನಿಂತಿದ್ದರು.

ಬೆಟ್ಟಕ್ಕೂ ಸೋಫಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಈ ಕಸುಬಿನಲ್ಲಿ ಬಟ್ಟೆಯನ್ನು ಒಬ್ಬ ಎಳೆದು ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬ ಮೊಳೆ ಹೊಡೆಯಬೇಕು. ಎರಡನ್ನೂ ಒಬ್ಬನೇ ಮಾಡಲು ಹೋದರೆ ಸುಕ್ಕು ಬೀಳುತ್ತದೆ. ದಿನವಿಡೀ ಒಂದೇ ಬಟ್ಟೆಯ ಎರಡು ತುದಿಯಲ್ಲಿ ನಿಂತವರ ನಡುವೆ ಮನಸ್ತಾಪ ಬರದೆ ಇರುತ್ತದೆಯೇ? ಅದಕ್ಕೆಂದೇ ನಮ್ಮ ಯಜಮಾನರು ಒಂದು ಪದ್ಧತಿ ಮಾಡಿಟ್ಟಿದ್ದರು. ಅಂಗಡಿಯ ಜಗಳವನ್ನು ಅಂಗಡಿಯಲ್ಲಿ ಆಡಬಾರದು, ಮನೆಯಲ್ಲಂತೂ ಆಡಲೇಬಾರದು. ಭಾನುವಾರದ ತನಕ ಹೊಟ್ಟೆಯಲ್ಲಿಟ್ಟುಕೊಂಡು ಬೆಟ್ಟಕ್ಕೆ ಹೋಗಬೇಕು. ಹತ್ತುವಾಗ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ತುದಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಅಲ್ಲಿ ಕೂತ ಮೇಲೆ ನೊಂದವನು ಮೊದಲು ಮಾತಾಡಬೇಕು, ಮತ್ತೊಬ್ಬ ಅವನ ಮಾತು ಮುಗಿಯುವ ತನಕ ಕೇಳಬೇಕು. ಇಳಿಯುವಾಗ ಆ ವಿಷಯವನ್ನು ಎತ್ತಕೂಡದು.

ಮದುವೆಯಾದ ಹೊಸತರಲ್ಲಿ ನಾನೇ ಕೇಳಿದ್ದೆ, "ಏನ್ರೀ ಇದು, ಜಗಳ ಆಡೋಕೆ ಇಷ್ಟು ದೂರ ಬರಬೇಕಾ?"

"ಏದುಸಿರು ಬಿಡ್ತಾ ಇರೋವಾಗ ಕಿರುಚಾಡೋಕಾಗಲ್ಲ ಕಣೇ," ಅಂದಿದ್ದರು.

ಮಾನ್ಯರೇ, ಕೋರ್ಟು ಕಚೇರಿಯ ಮೆಟ್ಟಿಲು ಹತ್ತದೆ ಒಂದು ಸಂಸಾರ, ಒಂದು ಅಂಗಡಿ ಇಷ್ಟು ವರ್ಷ ಒಟ್ಟಾಗಿ ಉಳಿದದ್ದು ಆ ಕಾಲುದಾರಿಯ ದೆಸೆಯಿಂದ. ನಿಮ್ಮ ನಕಾಶೆಯಲ್ಲಿ ಅದು ಬರೀ ಒಂದು ಚುಕ್ಕೆಚುಕ್ಕೆ ಗೆರೆ ಇರಬಹುದು.

ಈ ಸಲದ ಜಗಳವೂ ಅಂಥ ದೊಡ್ಡದೇನಲ್ಲ. ದೊಡ್ಡವನು ತಮ್ಮನಿಗೆ ಒಂದು ಮಾತೂ ಹೇಳದೆ ಒಂದು ಚಿತ್ರಮಂದಿರದ ಸೀಟುಗಳನ್ನೆಲ್ಲ ಹೊಸದು ಮಾಡಿಕೊಡುತ್ತೇನೆಂದು ಒಪ್ಪಿಕೊಂಡ. ಅದೇ ವಾರಗಳಲ್ಲಿ ಇನ್ನೊಬ್ಬರ ಕೆಲಸ ಮಾಡಿಕೊಡುತ್ತೇನೆಂದು ಚಿಕ್ಕವನು ಮಾತು ಕೊಟ್ಟಾಗಿತ್ತು. ಅವನಿಗೆ ತಲೆ ತಗ್ಗಿಸುವಂತಾಯಿತು. ಇಷ್ಟೇ. ಒಂದು ಭಾನುವಾರದ ಮಾತು. ಆದರೆ ಆ ಭಾನುವಾರ ಬರುವಷ್ಟರಲ್ಲಿ ನಿಮ್ಮ ನೋಟಿಸು ಬಂತು.

ಬಸ್ಸಿಲ್ಲದಿದ್ದರೆ ಬೇಡ, ಅಂಗಡಿಯ ವ್ಯಾನ್ ಇದೆಯಲ್ಲ, ಅದರಲ್ಲೇ ಹೋಗೋಣ ಎಂದೆ.

"ಅಮ್ಮಾ, ಈಗಿನ ಡೀಸೆಲ್ ರೇಟಲ್ಲಿ ಬೆಟ್ಟಕ್ಕೆ ಹೋಗಿ ಬರೋದಾ? ಸೋಫಾ ಡೆಲಿವರಿ ಮಾಡೋಕೇ ಎರಡು ಸಲ ಯೋಚನೆ ಮಾಡ್ತಿದೀವಿ," ಎಂದ ದೊಡ್ಡವನು.

"ಹೌದಮ್ಮ, ರೇಟ್ ಇಳೀಲಿ, ಆಮೇಲೆ ನೋಡೋಣ," ಎಂದ ಚಿಕ್ಕವನು.

ದಿನಗಟ್ಟಲೆ ಒಂದು ಸೂಜಿಯ ವಿಷಯಕ್ಕೂ ಒಮ್ಮತಕ್ಕೆ ಬಾರದ ಅಣ್ಣತಮ್ಮಂದಿರು ಡೀಸೆಲ್ ದರದ ವಿಷಯದಲ್ಲಿ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಒಂದಾಗಿಬಿಟ್ಟರು. ಆಗಲೇ ನನಗೆ ಅನುಮಾನ ಬಂದದ್ದು. ಅವತ್ತಿನಿಂದ ಯಾರ ಬಾಯಲ್ಲಿ ಡೀಸೆಲ್ ದರ ಎಂಬ ಮಾತು ಬಂದರೂ ಇವರಿಗೆ ನಿಜವಾಗಿ ಯಾವುದು ಬೇಡವಾಗಿದೆ ಎಂದು ಹುಡುಕುತ್ತೇನೆ. ನಿಮ್ಮ ನೋಟಿಸನ್ನೂ ಹಾಗೆಯೇ ಓದಿದೆ.

ದರ ಏರಿದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಬಂಕಿನ ಮುಂದೆ ವ್ಯಾನ್ ನಿಲ್ಲಿಸಿದಾಗ ಮೀಟರಿನ ಅಂಕಿ ಓಡುವ ವೇಗ ನೋಡಿ ನಾನೂ ಸೆರಗಿನ ಗಂಟು ಮುಟ್ಟಿಕೊಳ್ಳುತ್ತೇನೆ. ಮಕ್ಕಳ ಮಾತಿನಲ್ಲಿ ಅರ್ಧ ನಿಜ ಇತ್ತು, ಅದಕ್ಕೇ ಬೈಯಲಾಗಲಿಲ್ಲ. ದೊಡ್ಡ ಸೊಸೆ ಉಪಾಯ ಹೇಳಿದಳು. "ಅತ್ತೆ, ಡ್ರಾಯಿಂಗ್ ಮೇಷ್ಟ್ರು, ಮೆಡಿಕಲ್ ಶಾಪಿನ ಅಕ್ಕ ಇಬ್ರೂ ಬಸ್ ನಿಂತ್ಮೇಲೆ ಬೆಟ್ಟಕ್ಕೆ ಹೋಗೋಕಾಗ್ತಿಲ್ಲ ಅಂತ ಒದ್ದಾಡ್ತಿದಾರೆ. ಅವರನ್ನೂ ಕೂರಿಸ್ಕೊಳ್ಳಿ, ಖರ್ಚು ಹಂಚಿ ಹೋಗುತ್ತೆ." ಕೇಳಲು ಚೆನ್ನಾಗಿತ್ತು, ಒಪ್ಪಿದೆ. ನಮ್ಮ ಮನೆಯ ನಿಯಮ ಮನೆಯವರಿಗೆ ಗೊತ್ತು, ಮೇಷ್ಟ್ರಿಗೆ ಎಲ್ಲಿಂದ ಗೊತ್ತಿರಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಣ್ಣ ವ್ಯಾನ್ ಓಡಿಸಿದರೆ ತಮ್ಮ ಯಾವಾಗಲೂ ಮುಂದೆ, ಅವನ ಪಕ್ಕದಲ್ಲೇ ಕೂರುತ್ತಿದ್ದ. ಆ ಭಾನುವಾರ ಹೊರಟಾಗ ಹಿಂದಿನ ಮೂಲೆ ಹಿಡಿದ. ಮೇಷ್ಟ್ರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಏನಪ್ಪಾ, ಒಬ್ಬ ಪೂರ್ವ, ಒಬ್ಬ ಪಶ್ಚಿಮ! ಅಂಗಡೀನೂ ಭಾಗ ಆಗುತ್ತಂತೆ, ಹೌದಾ?"

"ಯಾರು ಹೇಳಿದ್ದು ಮೇಷ್ಟ್ರೇ?" ಎಂದ ಚಿಕ್ಕವನು.

"ನಿಮ್ಮಣ್ಣನೇ ಮೊನ್ನೆ ಕ್ಷೌರದಂಗಡೀಲಿ ಅಂತಿದ್ದ, ಹೀಗೇ ಆದ್ರೆ ಬೇರೆಬೇರೆ ಆಗೋದೇ ವಾಸಿ ಅಂತ."

"ಅಣ್ಣಾ! ಊರಿಗೆಲ್ಲ ಹೇಳಿದೀಯ, ನನಗೊಬ್ಬನಿಗೆ ಹೇಳಿಲ್ಲ!"

"ಹೇಳೋಕೆ ನೀನು ಮುಖ ಕೊಟ್ಟು ಮಾತಾಡ್ತೀಯೇನೋ?"

"ಬಾಯಿ ಮುಚ್ಚಿ ಇಬ್ರೂ," ಎಂದು ನಾನು ಗದರಿದೆ.

"ಇಬ್ಬರ ಬೀಪೀನೂ ಒಂದ್ಸಲ ನೋಡಿಸ್ಬಿಡಿ ಅಮ್ಮ, ನಮ್ಮ ಅಂಗಡೀಲೇ ನೋಡ್ತೀವಿ," ಎಂದಳು ಮೆಡಿಕಲ್ ಶಾಪಿನಾಕೆ. ಆ ಗಲಾಟೆಯಲ್ಲೂ ಅವಳಿಗೆ ವ್ಯಾಪಾರ!

ರೈಲ್ವೆ ಗೇಟು ಹಾಕಿತ್ತು. ವ್ಯಾನ್ ನಿಂತಿತು. ಚಿಕ್ಕವನು ಬಾಗಿಲು ತೆಗೆದು ಇಳಿದ. "ಅಮ್ಮಾ, ಅಂಗಡಿ ಮಧ್ಯೆ ಗೋಡೆ ಹಾಕಿಸಿಬಿಡು," ಅಂದವನೇ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ವ್ಯಾನ್ ತಿರುಗಿಸೋ ಎಂದು ದೊಡ್ಡವನಿಗೆ ಹೇಳಲು ಬಾಯಿ ತೆರೆದೆ, ಹಿಂದೆ ತಿರುಗಿ ನೋಡಿದೆ, ಮುಚ್ಚಿಕೊಂಡೆ. ಆ ಡೀಸೆಲ್ಲಿನಲ್ಲಿ ಮೇಷ್ಟ್ರ ಪಾಲಿತ್ತು, ಆಕೆಯ ಪಾಲಿತ್ತು. ಅವರು ಬೆಟ್ಟ ನೋಡಲು ಬಂದವರು. ಸ್ವಂತ ವ್ಯಾನಿನಲ್ಲಿ ಕೂತು, ಸ್ವಂತ ಮಗನ ಹಿಂದೆ ಹೋಗುವ ಹಕ್ಕು ನನಗಿರಲಿಲ್ಲ. ಇಂಧನದ ದರ ಏರಿದರೆ ಜನಜೀವನದ ಮೇಲೆ ಆಗುವ ಪರಿಣಾಮಗಳು ಎಂದು ನಿಮ್ಮ ಇಲಾಖೆ ವರದಿ ತರಿಸುತ್ತದಂತೆ. ಇದನ್ನೂ ಅದರಲ್ಲಿ ಸೇರಿಸಿಕೊಳ್ಳಿ.

ಬೆಟ್ಟದ ಬುಡ ತಲುಪಿದಾಗ ಕಂಡದ್ದೇನು? ದಾರಿಯ ಬಾಯಲ್ಲಿ ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕೂತು, ಬೆರಳಲ್ಲಿ ಒತ್ತುವ ಎಣಿಕೆ ಯಂತ್ರ ಹಿಡಿದಿದ್ದ.

"ಏನಪ್ಪಾ ಎಣಿಸ್ತಿದೀಯ?" ಎಂದೆ.

"ನಡೆಯೋಕೆ ಬರೋರನ್ನ, ಅಮ್ಮ. ಜನ ಕಡಿಮೆ ಆದ್ರೆ ಈ ದಾರಿ ಮುಚ್ತಾರಂತೆ."

"ಬಸ್ಸು ಇದ್ದಾಗ ಯಾಕೆ ಎಣಿಸ್ಲಿಲ್ಲ?"

"ಆಗ ಎಣಿಸು ಅಂತ ಯಾರೂ ಹೇಳಿರಲಿಲ್ಲ."

ಆ ಬಡಪಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೊದಲು ಬಸ್ಸು ನಿಲ್ಲಿಸಿ, ಆಮೇಲೆ ಜನ ಬರುತ್ತಿಲ್ಲ ಎಂದು ಎಣಿಸಲು ಆಳು ಕೂರಿಸಿದ ಬುದ್ಧಿ ಯಾರದು? ಅಡುಗೆಮನೆಗೆ ಬೀಗ ಹಾಕಿ ಇವತ್ತು ಯಾರೂ ಊಟ ಮಾಡಲಿಲ್ಲ, ಹಾಗಾದರೆ ಒಲೆ ಮಾರಿಬಿಡೋಣ ಎಂದ ಹಾಗಾಯಿತು. ಅಲ್ಲಿಗೆ ಮುಗಿಯಲಿಲ್ಲ. ನಡೆಯುವವರು ಕಡಿಮೆಯಾದರು ಎನ್ನುವ ಜಾಗದಲ್ಲೇ ಕಾರು ನಿಲ್ಲಿಸುವ ಬಯಲು ಎರಡರಷ್ಟಾಗಿದೆ. ಹೊಸ ಜಲ್ಲಿ ಹಾಸಿದ್ದಾರೆ. ದಾರಿಯ ಎಡಬಲಕ್ಕೆ ಕೆಂಪು ಬಣ್ಣ ಬಳಿದ ಗೂಟಗಳು ಎದ್ದಿವೆ. ನಾಳೆ ಅಲ್ಲಿ ಏನು ಏಳಲಿದೆ? ಯಾರದು ಏಳಲಿದೆ? ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆಯುವವಳೂ ಅಲ್ಲ. ಆದರೆ ಅನುಮಾನ ಪಡುವುದಕ್ಕೆ ಇನ್ನೂ ನಿಮ್ಮ ಇಲಾಖೆಯ ಪರವಾನಗಿ ಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಬಂಡೆಯ ಮೇಲೆ ಹಿಂದೆಲ್ಲ ಯಾರು ಸಿಗುತ್ತಿದ್ದರು ಬಲ್ಲಿರಾ? ಆಸ್ಪತ್ರೆಯ ದಾದಿಯರು ಬರುತ್ತಿದ್ದರು, ರಾತ್ರಿ ಪಾಳಿ ಮುಗಿಸಿ ಸೀದಾ ಬಸ್ಸು ಹತ್ತಿದವರು. ಸಿದ್ಧ ಉಡುಪಿನ ಕಾರ್ಖಾನೆಯ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತಾ ಹತ್ತುತ್ತಿದ್ದರು. ವಾರವೆಲ್ಲ ಗೋಡೆ ನೋಡಿದ ಕಣ್ಣುಗಳು ಅವು. ಈಗ ಅವರ್ಯಾರೂ ಇಲ್ಲ. ಪ್ರವೇಶ ಉಚಿತ ಎಂಬ ನಿಮ್ಮ ಫಲಕ ಮಾತ್ರ ಹಾಗೇ ನಿಂತಿದೆ. ಹೌದು, ಬೆಟ್ಟ ಹತ್ತಲು ದುಡ್ಡಿಲ್ಲ. ಬೆಟ್ಟದ ತನಕ ಬರಲು ದುಡ್ಡಿದ್ದವರಿಗೆ ಎಲ್ಲವೂ ಉಚಿತ. ಅವತ್ತು ಹೊಳೆಯುವ ದೊಡ್ಡ ಕಾರುಗಳಿಂದ ಇಳಿದವರು ಬುಡದಲ್ಲೇ ಫೋಟೋ ತೆಗೆಸಿಕೊಂಡು ಹೊರಟರು. ಅವರನ್ನೂ ಆ ಯಂತ್ರದಲ್ಲಿ ಎಣಿಸಿದರೋ ಇಲ್ಲವೋ ನೋಡಿಕೊಳ್ಳಿ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನಿಮ್ಮನ್ನು ನೋಡಲು ಬಿಡಲಿಲ್ಲ. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ತಲೆ ಎತ್ತದೆಯೇ ಕೇಳಿದ, "ಅಜ್ಜೀ, ಈ ವಯಸ್ಸಲ್ಲಿ ನಿಮಗ್ಯಾಕೆ ಬೆಟ್ಟ? ಮನೆ ಹತ್ರ ಪಾರ್ಕಿಲ್ವಾ?"

"ಇದೆಯಪ್ಪಾ. ನನ್ನ ಮಕ್ಕಳ ಜಗಳ ಆ ಪಾರ್ಕಿನಲ್ಲಿ ಹಿಡಿಸಲ್ಲ," ಎಂದೆ.

ಅವನು ಆಗ ತಲೆ ಎತ್ತಿದ. "ಡೀಸೆಲ್ ರೇಟ್ ನಮ್ಮ ಕೈಯಲ್ಲಿಲ್ಲ ಅಜ್ಜೀ."

ಸರಿ, ದರ ನಿಮ್ಮ ಕೈಯಲ್ಲಿಲ್ಲ. ದರ ಏರಿದ ಮಾರನೆಯ ಬೆಳಿಗ್ಗೆ ಟಿಕೆಟ್ ಏರಿಸುವುದು ಯಾರ ಕೈಯಲ್ಲಿದೆ? ಹೋದ ವರ್ಷ ದರ ಒಂದಿಷ್ಟು ಇಳಿದಾಗ ಆ ಕೈಗೆ ಏನಾಗಿತ್ತು? ಕಂಬ ಕೀಳಲು ಬಂದ ಲಾರಿ ಏನು ಕುಡಿದು ಓಡಿತು? ಪ್ರತಿ ಭಾನುವಾರ ನಿಮ್ಮ ಇಲಾಖೆಯ ಜೀಪು ನಮ್ಮ ಅಂಗಡಿಯ ಮುಂದೆಯೇ ತರಕಾರಿ ಮಾರುಕಟ್ಟೆಗೆ ಹೋಗುತ್ತದೆ. ಅದು ತಾತ್ಕಾಲಿಕವಾಗಿಯೂ ನಿಂತದ್ದನ್ನು ನಾನು ಕಾಣೆ.

ಈಗ ನಮ್ಮ ಅಂಗಡಿಯ ಸ್ಥಿತಿ ಕೇಳಿ. ಗಾರೆ ಕೆಲಸದವನು ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದಾನೆ. ಬಟ್ಟೆ ಕತ್ತರಿಸುವ ಮೇಜು ಅಂಗಡಿಯ ಈ ಗೋಡೆಯಿಂದ ಆ ಗೋಡೆಯ ತನಕ ಇದೆ. "ಗೋಡೆ ಎಬ್ಬಿಸಬೇಕಾದ್ರೆ ಮೇಜನ್ನ ಮಧ್ಯಕ್ಕೆ ಕುಯ್ಯಬೇಕಾಗುತ್ತಲ್ಲಮ್ಮಾ," ಎಂದು ಅವನೇ ಸಂಕೋಚಪಟ್ಟ. ಮಕ್ಕಳಿಬ್ಬರೂ ಅಲ್ಲೇ ಇದ್ದರು. ಬೇಡ ಎಂಬ ಒಂದು ಮಾತು ಯಾರಾದರೂ ಒಬ್ಬರ ಬಾಯಿಂದ ಬರುತ್ತದೆ ಎಂದು ಕಾದೆ. ಒಬ್ಬ ಫೋಮು ಒತ್ತಿ ನೋಡುತ್ತಿದ್ದ, ಇನ್ನೊಬ್ಬ ಕತ್ತರಿ ಒರೆಸುತ್ತಿದ್ದ. ಮುಂದಿನ ಸೋಮವಾರ ಇಟ್ಟಿಗೆ ಬರುತ್ತದೆ. ಅಂದರೆ ನನಗೆ ಉಳಿದಿರುವುದು ಒಂದೇ ಭಾನುವಾರ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಭಾನುವಾರ ಆ ಬಸ್ಸು ಹೊರಡಬೇಕು. ಸಿಮೆಂಟು ಒಡೆದು ಕಂಬವನ್ನು ಅದೇ ಜಾಗದಲ್ಲಿ ನೆಡಬೇಕು. ಬಸ್ಸು ಮೊದಲಿನಂತೆ ಓಡುವ ತನಕ ಯಾರನ್ನೂ ಎಣಿಸಬಾರದು, ಎಣಿಸಿದ್ದನ್ನು ಯಾರಿಗೂ ತೋರಿಸಬಾರದು. ಆ ಕೆಂಪು ಗೂಟಗಳು ಯಾರವು ಎಂದು ಇದೇ ಪತ್ರಿಕೆಯಲ್ಲಿ ಬರೆದು ತಿಳಿಸಬೇಕು. ಖರ್ಚು ಹೆಚ್ಚಾಯಿತು ಎಂದರೆ ಟಿಕೆಟ್ಟಿಗೆ ಒಂದಿಷ್ಟು ಹೆಚ್ಚು ಕೇಳಿ, ಕೊಡುತ್ತೇವೆ. ಕೇಳದೆಯೇ ನಮ್ಮಿಂದ ಆಗುವುದಿಲ್ಲ ಎಂದು ತೀರ್ಮಾನಿಸಬೇಡಿ. ನನ್ನ ದೊಡ್ಡ ಮಗ ಮಾಡಿದ ತಪ್ಪೂ ಅದೇ ಆಗಿತ್ತು.

ಬಸ್ಸು ಬರಲಿ, ಬಿಡಲಿ, ಭಾನುವಾರ ಬೆಳಕು ಹರಿಯುವಾಗ ನಾನು ಪೇಟೆಯ ನಿಲ್ದಾಣದಲ್ಲಿ ನಿಂತಿರುತ್ತೇನೆ. ಬರದಿದ್ದರೆ ಅಲ್ಲಿಂದಲೇ ನಡೆಯುತ್ತೇನೆ. ನನ್ನ ಜೊತೆ ಇಬ್ಬರು ಬರಬೇಕು. ಅವರಿಗೆ ಇನ್ನೂ ಹೇಳಿಲ್ಲ. ಎದುರಿಗೆ ಹೇಳಿದರೆ ಮತ್ತೆ ಡೀಸೆಲ್ಲಿನ ಕಥೆ ಹೇಳುತ್ತಾರೆ. ಅದಕ್ಕೇ ಪತ್ರಿಕೆಗೆ ಬರೆದೆ. ಮನೆಯ ಮಾತನ್ನು ಬೀದಿಗೆ ತಂದಳು ಎಂದು ಅವರು ಬೈದುಕೊಳ್ಳಲಿ, ಮೇಷ್ಟ್ರ ಪುಣ್ಯದಿಂದ ಅದು ಆಗಲೇ ಬೀದಿಗೆ ಬಂದಾಗಿದೆ.

ಅಂಗಡಿಗೆ ಬರುವುದು ಒಂದೇ ಪತ್ರಿಕೆ. ಮಾತು ಬಿಟ್ಟ ಮೇಲೆ ಇಬ್ಬರೂ ಅದರ ಹಾಳೆಗಳನ್ನು ಬಿಡಿಸಿ ಹಂಚಿಕೊಂಡು, ಮುಖ ತಿರುಗಿಸಿಕೊಂಡು ಓದುತ್ತಾರೆ. ಈ ಪುಟ ಇಬ್ಬರಲ್ಲಿ ಯಾರ ಕೈಗೆ ಮೊದಲು ಸಿಗುತ್ತದೋ ತಿಳಿಯದು. ಸಿಕ್ಕವನೇ ಕೇಳು. ಓದಿ ಮುಗಿಸಿದ್ದೀಯಲ್ಲ, ಮಡಚಿ ಜೇಬಿಗೆ ಹಾಕಿಕೊಳ್ಳಬೇಡ. ನಿನ್ನ ಎದುರಿಗೆ ಕೂತಿದ್ದಾನಲ್ಲ, ಅವನಿಗೆ ಕೊಡು.

ಇಂತಿ,
ಸೋಮವಾರದ ತನಕವಾದರೂ ಇಡೀ ಅಂಗಡಿಯ ಯಜಮಾನಿ