ತೆಲುಗು ಬಾರದಿದ್ದರೆ ಲೆಕ್ಕ ಬಾರದೇ?

ಪಲ್ಲವೀ,

ಧರಣಿಗೆ ಹೊರಟೆ. ಉಗ್ಗಾಣಿ ಮುಚ್ಚಿಟ್ಟಿದ್ದೇನೆ, ಅಳುತ್ತಾ ತಿನ್ನಬೇಡ.

“ತೆಲುಗು ಬಂದ್ರ ಲೆಕ್ಕ ಬರ್ತೈತಮ್ಮಾ. ಕನ್ನಡ ಶಾಲಿಯಿಂದ ಬಂದಾಕಿ, ನಿನಗ ತೆಲುಗು ಬರಲ್ಲ, ಇನ್ನ ಲೆಕ್ಕ ಎಲ್ಲಿಂದ ಬರ್ತೈತಿ?” ಅಂದರಂತೆ ಲೆಕ್ಕದ ಸಾರ್. ಅಷ್ಟಕ್ಕೇ ಶಾಲೆ ಬಿಡುತ್ತೀಯಾ?

ಚತುರ್ಭುಜ ವರ್ಗವಾದರೆ ನಾಲ್ಕೂ ಬಾಹು ಸಮ. ಹಾಗೆಂದು ವರ್ಗವಲ್ಲದ್ದರ ಬಾಹು ಸಮವಿರಬಾರದೇ? ವಜ್ರಾಕೃತಿ ಬರೆದು ನೋಡು. ಬಾಹು ಸಮವಿಲ್ಲದ್ದು ವರ್ಗವಲ್ಲ, ಅಷ್ಟೇ ಹೇಳಬಹುದು.

ಹಾಗೆಯೇ, ಸಾರ್ ಮಾತು ನಿಜವಾದರೆ ಲೆಕ್ಕ ಬಾರದವರಿಗೆ ತೆಲುಗೂ ಬಾರದು ಅಂತಾಗುತ್ತದೆ. ಈ ಲೆಕ್ಕ ತಪ್ಪಿದವರು ಯಾರು? ಪಾಪ, ಅವರ ತೆಲುಗಿನ ಗತಿ!

ನಾಳೆ ಇಬ್ಬರೂ ಶಾಲೆಗೆ ಹೋಗೋಣ. ಇದನ್ನೆಲ್ಲ ಬೋರ್ಡಿನ ಮೇಲೆ ನೀನೇ ಬರಿ. ನಾನು ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ, ನಿನ್ನಾಣೆ.

ನಿನ್ನ ಅತ್ತಿ